ಮರಿ ಮೊದಲ, ಟಗರ ಕಡೀಕ

ಅಕ್ಕಲಕೋಟ ತಾಲೂಕಿನಲ್ಲಿ ನಮ್ಮ ಅತ್ತೆಗೆ ಹೆದರದ ಜೀವಗಳು ಎರಡೇ ಎರಡು. ಒಂದು ಬೀರೋಬಾ ದೇವರು, ಇನ್ನೊಂದು ನಮ್ಮ ಮಾವನ ಹಿಂಡಿನ ಮೊಂಡ ಟಗರು. ಟಗರಿನ ವಿಷಯ ನನಗೆ ಅಷ್ಟು ಖಾತ್ರಿಯಿಲ್ಲ. ಅತ್ತೆ ಅಂಗಳಕ್ಕೆ ಬಂದರೆ ಅದು ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಉಳಿದವರ ಮಾತು ಬಿಡಿ. ಎಸ್.ಟಿ. ಬಸ್ಸಿನ ಡ್ರೈವರು, ಕಂಡಕ್ಟರು, ಕಾಲೇಜು ಹುಡುಗರು, ಗುಟ್ಕಾ ಬಾಯಿಯ ದೊಡ್ಡ ಮನುಷ್ಯರು, ಕಡೆಗೆ ಸರಕಾರದ ತಲಾಠಿ ಸಾಹೇಬರು, ಎಲ್ಲರೂ ಅವಳ ಕೈಯಲ್ಲಿ ಪಳಗಿ ಹೋದವರೇ!

ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದು ತಿಳಿದು ನನಗಾಗಿ ಮರುಗಬೇಡಿ. ಇವಳು ನಮ್ಮಪ್ಪನ ಅಕ್ಕ, ನನ್ನ ಸೋದರತ್ತೆ. ನಮ್ಮೂರಿನಲ್ಲೇ ಹುಟ್ಟಿ ನಮ್ಮೂರಿನಲ್ಲೇ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಮದುವೆಯಾದವಳು. ಗಂಡನ ಮನೆಗೆ ಹೊರಟ ದಿನ ಪದ್ಧತಿಯಂತೆ ಅಳಲು ಶುರು ಮಾಡಿದ್ದಳಂತೆ. ಮೊದಲ ಕಣ್ಣೀರು ಗಲ್ಲಕ್ಕೆ ಇಳಿಯುವಷ್ಟರಲ್ಲಿ ಗಂಡನ ಮನೆ ಬಂದೇಬಿಟ್ಟಿತಂತೆ! ಇಂಥವಳಿಗೆ ಬಸ್ಸಿನ ರೂಢಿ ಎಲ್ಲಿಂದ ಬರಬೇಕು? ಐವತ್ತೈದರವರೆಗೆ ಅವಳು ಬಸ್ಸು ಹತ್ತಿದ್ದು ಬೆರಳೆಣಿಕೆಯಷ್ಟು ಸಲ. ಆಮೇಲೆ ಹತ್ತಿದಳು ನೋಡಿ, ದಿನಾ ಎರಡು ಸಲ!

ಅದಕ್ಕೆ ಕಾರಣ ನಾನು. ನಮ್ಮದು ಮಹಾರಾಷ್ಟ್ರದ ಗಡಿಯೊಳಗೆ, ವಾಗದರಿಯ ಆಚೆ ಇರುವ ಒಂದು ಸಣ್ಣ ಊರು. ಊರ ಕನ್ನಡ ಶಾಲೆ ಏಳನೇ ಇಯತ್ತೆಗೆ ಮುಗಿಯುತ್ತಿತ್ತು. ತರಗತಿಗೆ ನಾವು ಇಯತ್ತೆ ಎನ್ನುವುದು ರೂಢಿ. ಎಂಟನೆಯದನ್ನು ಕನ್ನಡದಲ್ಲೇ ಓದುವುದಾದರೆ ಅಕ್ಕಲಕೋಟಕ್ಕೆ ಹೋಗಬೇಕು, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆ ವರ್ಷ ಏಳು ಪಾಸಾದ ಹುಡುಗಿಯರು ನಾವು ನಾಲ್ವರು. ಮೂವರ ಮನೆಯಲ್ಲಿ ಆಗಲೇ "ಇಷ್ಟ ಸಾಕು" ಎಂದಾಗಿತ್ತು. ನಮ್ಮಪ್ಪನೂ ಅದೇ ಮಾತಿಗೆ ಬಾಯಿ ತೆರೆದಿದ್ದ.

"ಹುಡುಗೂರದ್ದು ಬ್ಯಾರೆ. ಇಕಿನ್ನ ಒಬ್ಬಾಕಿನ್ನ ಆ ಗದ್ಲದಾಗ ಹ್ಯಾಂಗ ಕಳಸೂದು?" ಎಂದ.

ಅತ್ತೆ ನಮ್ಮ ಅಡುಗೆಮನೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಕಾಳನ್ನು ಬುಟ್ಟಿಗೆ ಹಾಕುತ್ತಲೇ, "ನಾ ಹೋಗ್ತೀನಿ ಬಿಡೋ ಇಕಿ ಕೂಡ. ನಮ್ಮನ್ಯಾಗ ಇಬ್ರು ಸೊಸ್ತೇರು ಬಂದಾರ, ಒಲಿ ಮುಂದ ನನಗ ನಿಂದ್ರಾಕೂ ಜಾಗಾ ಇಲ್ಲ" ಎಂದಳು.

ಅಪ್ಪ ನಕ್ಕ. "ಎಷ್ಟ ದಿನಾ ಹೋಗ್ತಿ ಅಕ್ಕಾ? ಎಂಟ ದಿನಕ್ಕ ಬ್ಯಾಸತ್ತ ಬರ್ತಿ. ಆತು, ನೀ ಹೋಗೂತನಾ ಇಕಿ ಸಾಲಿ. ನೀ ಬಿಟ್ಟ ದಿನಾ ಇಕಿ ಸಾಲೀನೂ ಬಂದ್."

ಅಂದರೆ ತಿಳಿಯಿತಲ್ಲ? ನನ್ನ ಹತ್ತನೆಯ ಪರೀಕ್ಷೆ ನಿಂತಿದ್ದು ನನ್ನ ಓದಿನ ಮೇಲಲ್ಲ, ಅತ್ತೆಯ ಬಸ್ ಪ್ರಯಾಣದ ಮೇಲೆ!

ಮೊದಲ ದಿನವೇ ರಾಮಾಯಣ. ಅತ್ತೆ ಇಳಕಲ್ ಸೀರೆ ಉಟ್ಟು, ಸೊಂಟದ ಚೀಲದಲ್ಲಿ ಬೀರೋಬಾನ ಅರಿಸಿನದ ಭಂಡಾರ ಇಟ್ಟುಕೊಂಡು, ಹಣೆ ತುಂಬ ಕುಂಕುಮ ಹಚ್ಚಿಕೊಂಡು ಬಂದಳು. ಬಸ್ಸು ನಿಂತ ಕೂಡಲೇ ಅದರ ಮೂತಿಗೆ ಭಂಡಾರ ಬಳಿದಳು. ಡ್ರೈವರು ಏನೆಂದು ನೋಡಲು ತಲೆ ಹೊರಗೆ ಹಾಕಿದ. ಅವನ ಹಣೆಗೂ ಬಳಿದಳು. ಆಮೇಲೆ ಬಾಗಿಲು ಹತ್ತಿ ಅಲ್ಲೇ ಗಟ್ಟಿಯಾಗಿ ನಿಂತುಬಿಟ್ಟಳು. ಹಿಂದೆ ಜನ ಒತ್ತುತ್ತಿದ್ದಾರೆ, ಕಂಡಕ್ಟರು ಕೂಗುತ್ತಿದ್ದಾನೆ:

"ಮಾವಶೀ, ಮಾಗೆ! ಮಾಗೆ ಜಾ, ಮಾಗೆ!"

ಮರಾಠಿಯಲ್ಲಿ ಮಾಗೆ ಎಂದರೆ ಹಿಂದೆ. ನಮ್ಮ ಕನ್ನಡದಲ್ಲಿ ಮ್ಯಾಗ ಎಂದರೆ ಮೇಲೆ. ಅತ್ತೆ ತಲೆಯೆತ್ತಿ ಬಸ್ಸಿನ ಟಪ್ಪನ್ನೊಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಗಿಸಿದಳು.

"ಮ್ಯಾಗ ಹೋಗ್ಲಾ? ನಾ ಏನ್ ಜ್ವಾಳದ ಚೀಲ ಅದೀನೇನು? ಮೈತುಂಬ ಸೀರಿ ಉಟ್ಟ ಹೆಣ್ಮಗಳಿಗೆ ಬಸ್ಸಿನ ಮ್ಯಾಗ ಹತ್ತು ಅಂತಿಯಲ್ಲ, ನಿಮ್ಮವ್ವನ್ನೂ ಹಿಂಗ ಹತ್ತಸ್ತಿಯೇನು?"

"ಅಹೋ ಮಾವಶೀ, ಮಾಗೆ ಜಾಗಾ ಆಹೆ!"

"ಮ್ಯಾಗ ಜಾಗಾ ಇದ್ರ ನೀನ ಹೋಗಿ ಕುಂಡ್ರು!"

ಬಸ್ಸೆಲ್ಲ ನಗುತ್ತಿತ್ತು. ನಾನು ಅವಳ ಕಿವಿಯಲ್ಲಿ ಅರ್ಥ ಹೇಳಿದೆ. ಅವಳು ನಂಬಲಿಲ್ಲ. ಹಿಂದೆ ಎನ್ನಲು ಮ್ಯಾಗ ಎನ್ನುವ ಮಂದಿ ದಿನಾ ಸಂಜೆ ಸರಿಯಾದ ಮನೆಗೆ ಹೇಗೆ ಮುಟ್ಟುತ್ತಾರೆ ಎಂಬುದು ಅವಳ ಪ್ರಶ್ನೆ. ಅಂದಿನಿಂದ ಕಡೆಯವರೆಗೂ ಅವಳು ಬಸ್ಸಿನ ಹಿಂಭಾಗಕ್ಕೆ ಹೋಗಲೇ ಇಲ್ಲ. ಡ್ರೈವರಿನ ಹಿಂದಿನ ಎರಡನೆಯ ಸೀಟು ಅವಳ ಗದ್ದುಗೆಯಾಯಿತು.

ಗದ್ದುಗೆಯ ಮೇಲೆ ಕೂತು ಇನ್ನೂ ಸೀರೆ ಸರಿ ಮಾಡಿಕೊಂಡಿರಲಿಲ್ಲ, ಎಲ್ಲರೂ ಹತ್ತಿದರೇ ಎಂದು ಮುಂದಿನಿಂದ ಡ್ರೈವರು ಕೂಗಿದ: "ಮಾಸ್ತರ, ಝಾಲಾ ಕಾ?" ನಮ್ಮ ಸೀಮೆಯ ಎಸ್.ಟಿ.ಯಲ್ಲಿ ಕಂಡಕ್ಟರಿಗೆ ಮಾಸ್ತರ ಎನ್ನುತ್ತಾರೆ. ಅದು ಅತ್ತೆಗೆ ಹೇಗೆ ಗೊತ್ತಿರಬೇಕು? ಮಾಸ್ತರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಧಡಕ್ಕನೆ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಈಗಷ್ಟೇ ಬೈದ ಬಾಯಲ್ಲೇ ಹೇಳಿದಳು:

"ತಪ್ಪ ಆತ್ರಿ ಮಾಸ್ತರ್ರ, ಗೊತ್ತಾಗಲಿಲ್ಲ. ಏ ಹುಡುಗಿ, ಮಾಸ್ತರ್ರ ಕಾಲ ಬೀಳು!"

ನಾನು ಬಿದ್ದೆ! ತುಂಬಿದ ಬಸ್ಸಿನಲ್ಲಿ, ಹೊಸ ಯುನಿಫಾರ್ಮಿನಲ್ಲಿ, ತಿಕೀಟು ಮಷೀನು ಕೊರಳಿಗೆ ಹಾಕಿಕೊಂಡ ಮನುಷ್ಯನ ಕಾಲಿಗೆ. ಅವನು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದ. ಅತ್ತೆ ಬಿಡಲಿಲ್ಲ. "ಹುಡುಗಿ ಶಾಣ್ಯಾ ಅದ್ರಿ ಖರೇ, ಮಾತ ಭಾಳ. ತಪ್ಪಿದ್ರ ಒಂದ್ ಏಟ ಹಾಕ್ರಿ, ನಾವ್ ಏನೂ ಅನ್ನಂಗಿಲ್ಲ" ಎಂದು ನನ್ನನ್ನು ಅವನಿಗೆ ಒಪ್ಪಿಸಿಯೇ ಕೂತಳು.

ವಾರದ ಮೇಲೆ ನಾನು ಧೈರ್ಯ ಮಾಡಿ, "ಅತ್ತಿ, ಅವರು ಸಾಲಿ ಮಾಸ್ತರಲ್ಲ, ಬರೇ ಕಂಡಕ್ಟರ" ಎಂದೆ.

"ನನಗ ಹೇಳಾಕ ಬರಬ್ಯಾಡ. ಕಿವ್ಯಾಗ ಪೆನ್ನ ಅದ. ಮಂದೀನ ಎಣಸ್ತಾನ. ಗದ್ಲಾ ಮಾಡಿದ್ರ ಬೈತಾನ. ತಡಾ ಮಾಡಿ ಬಂದ್ರ ಬಿಟ್ಟ ಹೋಗ್ತಾನ. ಸಾಲಿ ಮಾಸ್ತರ ಇದಕ್ಕಿಂತ ಹೆಚ್ಚಿಂದು ಏನ್ ಮಾಡ್ತಾನ ಹೇಳು?"

 ಮಾಸ್ತರ ಇದ್ದ ಮೇಲೆ ಅದು ಶಾಲೆಯೇ. ಅಂದರೆ ನಮ್ಮ ಶಾಲೆ ಅಕ್ಕಲಕೋಟದಲ್ಲಿ ಶುರುವಾಗುವುದಿಲ್ಲ, ಬಸ್ಸಿನ ಮೊದಲ ಮೆಟ್ಟಿಲಲ್ಲಿ ಶುರುವಾಗುತ್ತದೆ ಎಂಬುದು ಅವಳ ಸಿದ್ಧಾಂತ. ಕಂಡಕ್ಟರು ಬಂದರೆ ನಾವೆಲ್ಲ ಎದ್ದು ನಿಲ್ಲಬೇಕು. ಕಿಟಕಿ ತೆರೆಯಲು ಅಪ್ಪಣೆ ಕೇಳಬೇಕು. ಶೇಂಗಾ ಸಿಪ್ಪೆ ಕೆಳಗೆ ಹಾಕಿದರೆ ಹಾಕಿದವರೇ ಆರಿಸಬೇಕು. ಆ ಕಂಡಕ್ಟರಿಗೂ ಪಾಪ, ಈ ಗೌರವ ಹೊಸದು. ಮೊದಮೊದಲು ನಾಚಿದ. ತಿಂಗಳೊಪ್ಪತ್ತಿನಲ್ಲಿ ಅವನ ಅಂಗಿಯ ತೆರೆದಿದ್ದ ಮೇಲಿನ ಗುಂಡಿಗಳು ತಾವಾಗಿ ಮುಚ್ಚಿಕೊಂಡವು, ತಂಬಾಕು ಬಾಯಿಂದ ಮಾಯವಾಯಿತು, ಒಂದು ದಿನ ನನ್ನ ಮುಂದೆ ನಿಂತು, ಕಲಿತಷ್ಟು ಕನ್ನಡದಲ್ಲಿ, "ಹದಿಮೂರರ ಮಗ್ಗಿ ಬರ್ತದೇನು?" ಎಂದು ಕೇಳಿಯೇಬಿಟ್ಟ! ಬರಲಿಲ್ಲ. ಅತ್ತೆ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ನಮ್ಮೂರಿನಿಂದ ಆ ಬಸ್ಸಿಗೆ ಹೋಗುವ ಮಕ್ಕಳು, ಇಂಗ್ಲಿಷ್ ಶಾಲೆಗೆ ಹೋಗುವ ಸಣ್ಣವರೂ ಸೇರಿ, ಹನ್ನೆರಡು. ಹುಡುಗಿ ನಾನೊಬ್ಬಳೇ. ಅತ್ತೆ ಬರುವ ಮುಂಚೆ ನಮ್ಮಲ್ಲಿ ಬಸ್ಸು ಹತ್ತುವುದೆಂದರೆ ಜಾತ್ರೆಯ ಕುಸ್ತಿ. ದೊಡ್ಡವರು ನುಗ್ಗುವುದು, ಸಣ್ಣವರು ಬೀಳುವುದು. ಅತ್ತೆಗೆ ಇದು ಸರಿಬರಲಿಲ್ಲ. ನಲವತ್ತು ವರ್ಷ ಕುರಿದೊಡ್ಡಿಯ ಬಾಗಿಲು ಕಾದವಳು. ಕಿರಿದಾದ ಬಾಗಿಲಲ್ಲಿ ಹಿಂಡು ತೂರಿಸುವ ವಿದ್ಯೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮರಿ ಮೊದಲ, ಟಗರ ಕಡೀಕ!" ಎಂದು ಕಾನೂನು ಹೊರಡಿಸಿದಳು. ಸಣ್ಣವರು ಮುಂದೆ, ದೊಡ್ಡ ಹುಡುಗರು ಕಡೆಗೆ. ಬಾಗಿಲ ಬಳಿ ನಿಂತು, ಹತ್ತುವ ಒಬ್ಬೊಬ್ಬರ ಬೆನ್ನು ಮುಟ್ಟಿ ಜೋಡಿ ಜೋಡಿಯಾಗಿ ಎಣಿಸುತ್ತಿದ್ದಳು. ಆರು ಜೋಡಿ ಆದರೆ ಮಾತ್ರ "ಹೂಂ, ಬಿಡ್ರಿ ಮಾಸ್ತರ್ರ" ಎನ್ನುವುದು. ಅಲ್ಲಿಯವರೆಗೆ ಕಂಡಕ್ಟರಿನ ಕೈ ಘಂಟೆಯ ಹಗ್ಗದಲ್ಲೇ ಕಾಯುತ್ತಿತ್ತು.

ಒಂದು ದಿನ ಎಣಿಕೆ ತಪ್ಪಿತು. ಆರು ಜೋಡಿಯ ಮೇಲೆ ಒಂದು ಬಿಡಿ ಉಳಿಯಿತು!

"ನಿಂದ್ರಸ್ರಿ ಬಸ್ಸ! ಒಂದ್ ಹೆಚ್ಚಾಗೇದ. ಯಾರ ಹಿಂಡಿಂದು ಇದು?"

ಹುಡುಕುತ್ತಾ ಬಂದಳು. ಐದನೇ ಇಯತ್ತೆಯ ಇಬ್ಬರು ಹುಡುಗರ ಪಕ್ಕ, ಕಿಟಕಿಯ ಬಳಿ ಒಬ್ಬ ಮೀಸೆಯಿಲ್ಲದ, ಗಿಡ್ಡನೆಯ, ಬಿಳಿ ಅಂಗಿಯ ಪ್ರಾಣಿ ಇಕ್ಕಟ್ಟಾಗಿ ಕೂತಿತ್ತು. ಅವಳೇ ಭುಜ ಹಿಡಿದು ಅಲ್ಲಿ ಕೂರಿಸಿದ್ದಳು. "ಯಾರ ಮಗಾ ನೀ? ಎಷ್ಟನೇದ್ದು?"

"ಮೀ... ಮೀ ತಲಾಠೀ ಆಹೆ" ಎಂದಿತು ಪ್ರಾಣಿ. ಹೊಸದಾಗಿ ಬದಲಿಯಾಗಿ ಬಂದ ತಲಾಠಿ ಸಾಹೇಬರು! ಊರ ಹೊಲದ ಪಹಣಿ ಉತಾರಗಳೆಲ್ಲ ಅವರ ಕೈಯಲ್ಲಿ. ಬಸ್ಸಿನಲ್ಲಿ ಗರಬಡಿದಂತಾಯಿತು. ಅತ್ತೆ ಮಾತ್ರ ಅಲುಗಲಿಲ್ಲ.

"ತಲಾಠಿ ಆದಿಯಾ? ಛಲೋ ಆತು. ತಲಾಠಿ ಆದ್ರೂ ಕೈ ಕಿಡಕ್ಯಾಗಿಂದ ಒಳಗ ತಗಿ."

ಸಾಹೇಬರು ತೆಗೆದರು. ಮುಂದೆ ಎಂದೂ ಹಾಕಲಿಲ್ಲ.

ಅವಳ ಕಾನೂನುಗಳು ಸುಮಾರು ಇದ್ದವು, ಎಲ್ಲವೂ ಬಾಯಿಪಾಠ. "ಗಾಲಿ ನಿಲ್ಲೂತನಾ ಕಾಲ ಎತ್ತಬ್ಯಾಡ" ಎನ್ನುವುದು ಒಂದು. ನಾನೀಗ ಸೋಲಾಪುರದಲ್ಲಿ ನೌಕರಿ ಮಾಡುತ್ತೇನೆ, ದಿನಾ ಸಿಟಿ ಬಸ್ಸಿನಲ್ಲಿ ಓಡಾಡುತ್ತೇನೆ. ಇವತ್ತಿಗೂ ಬಸ್ಸು ಪೂರ್ತಿ ನಿಲ್ಲದೆ ಸೀಟು ಬಿಟ್ಟು ಏಳಲು ಬರುವುದಿಲ್ಲ, ಹಿಂದಿನವರು ಎಷ್ಟು ಗೊಣಗಿದರೂ. ಇಳಿದ ಮೇಲೆ ಬಸ್ಸಿನ ಮುಂದೆ ದಾಟಕೂಡದು: "ಬಸ್ ಹೋಗ್ಲಿ ತಡಿ, ಆಮ್ಯಾಲ ಹಾದಿ ನಮ್ದು." ಬಾಗಿಲಲ್ಲಿ ನೇತಾಡುವ ಹುಡುಗರಿಗೆ ಹೇಳುತ್ತಿದ್ದುದೇ ಬೇರೆ: "ಬಾಗಲಾ ಅಂದ್ರ ಬಾಯಿ ಇದ್ದಂಗ. ಬಾಯಾಗ ನಿಂತಾವ ಒಂದ ಒಳಗ ಹೋಗ್ಬೇಕು, ಇಲ್ಲಾ ಉಗಳಿಸ್ಕೋಬೇಕು. ನೀ ಯಾವ್ದು ಹೇಳು?" ಬಸುರಿ ಹೆಂಗಸೋ ಮುದುಕರೋ ಹತ್ತಿದರೆ ಹತ್ತಿರದ ಹುಡುಗನ ಮಂಡಿ ತಟ್ಟಿ, "ಏಳೋ ನನ್ನಪ್ಪಾ, ನಿನ್ನ ಕಾಲ ಇನ್ನಾ ಹೊಸಾವು ಅವ" ಎನ್ನುತ್ತಿದ್ದಳು. ಹೊಸ ಕಾಲು ಎನಿಸಿಕೊಂಡ ಮೇಲೆ ಕೂರುವುದಾದರೂ ಹೇಗೆ?

ಚೀಲದ ಪ್ರಸಂಗ ಹೇಳದಿದ್ದರೆ ತಪ್ಪಾದೀತು. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ಲು, ಕರವಸ್ತ್ರ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಹಳೆಯ ಕಲೆ. ನಮ್ಮ ಹುಡುಗನೊಬ್ಬ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಪುಸ್ತಕದ ಚೀಲವನ್ನೇ ಎಸೆದ. ಅದು ಒಳಗೆ ಕೂತಿದ್ದ ಮುದುಕಿಯೊಬ್ಬಳ ಮೊಸರಿನ ಡಬ್ಬಿಯ ಮೇಲೆ ಹೋಗಿ ಬಿತ್ತು. ಮುದುಕಿಗೆ ಮೊಸರಿನ ಅಭಿಷೇಕ! ಅತ್ತೆ ಹುಡುಗನನ್ನು ಮೆಟ್ಟಿಲಲ್ಲೇ ತಡೆದಳು.

"ನೀ ಎಲ್ಲಿಗೆ?"

"ಸಾಲಿಗೆ."

"ನಿನ್ನ ಚೀಲಾ ಆಗಲೇ ಹತ್ತೇದಲ್ಲ. ಅದ ಹೋಗಿ ಸಾಲಿ ಕಲೀಲಿ, ನೀ ಮನಿಗಿ ಹೋಗಿ ಕುಂಡ್ರು."

ಅವನು ಅತ್ತು ಕರೆದು, ಮುದುಕಿಯ ಸೆರಗು ತನ್ನ ನೀರಿನ ಬಾಟಲಿಯಿಂದ ತೊಳೆದುಕೊಟ್ಟ ಮೇಲೆಯೇ ಒಳಗೆ ಜಾಗ. ಆಮೇಲೆ ಚೀಲ ಹಾರಿದ್ದನ್ನು ನಾನು ಕಾಣೆ.

ಇನ್ನು ಗುಟ್ಕಾ ಯಜಮಾನರು. ಪಟಕಾ, ಶುಭ್ರ ಧೋತರ, ಗಿರಿಜಾ ಮೀಸೆ. ಕಿಟಕಿಯ ಪಕ್ಕ ಕೂತು ಎರಡೆರಡು ನಿಮಿಷಕ್ಕೆ ಹೊರಗೆ ಪಿಚಕಾರಿ ಹೊಡೆಯುತ್ತಿದ್ದರು. ಗಾಳಿಗೆ ಅದರ ಪ್ರಸಾದ ಹಿಂದಿನ ಕಿಟಕಿಗಳಿಗೆಲ್ಲ ಹಂಚಿಹೋಗುತ್ತಿತ್ತು. ದೊಡ್ಡ ಮನುಷ್ಯರಿಗೆ ಹೇಳುವವರು ಯಾರು? ಅತ್ತೆ ಎದ್ದು ಹೋಗಿ ಹೊಟ್ಟೆ ಹಿಡಿದುಕೊಂಡು, "ಎಪ್ಪಾ, ನನಗ ವಾಂತಿ ಬಂದಂಗ ಆಗಾಕತ್ತದ. ಕಿಡಕಿ ಕಡೆ ಕುಂಡರ್ಲೇನ್ರಿ?" ಎಂದಳು. ಧೋತರದ ಭಯಕ್ಕೆ ಅವರು ಛಂಗನೆ ಸರಿದು ಕೊಟ್ಟರು. ಕಿಟಕಿ ಅತ್ತೆಯ ವಶವಾಯಿತು. ಆಮೇಲೆ ಮಾತು ಶುರು.

"ಯಾವ ಊರ್ರಿ ನಿಮ್ದು?"

"ಊಂ" ಎಂದರು ಯಜಮಾನರು. ಬಾಯಿ ತುಂಬಿದೆ, ಕಿಟಕಿ ಇಲ್ಲ.

"ಊಂ ಅನ್ನೂ ಊರ ಎಲ್ಲಿ ಬರ್ತದ್ರಿ? ಮಕ್ಕಳ ಎಷ್ಟ್ ಮಂದಿ?"

"ಊಂ ಊಂ."

"ಅಯ್ ಶಿವನ, ಲೆಕ್ಕಾ ತಪ್ಪುವಷ್ಟ ಅದಾವೇನ್ರಿ?"

ಬಸ್ಸೆಲ್ಲ ಕಿವಿಗೊಟ್ಟಿತ್ತು. ಯಜಮಾನರ ಮುಖ ಮೊದಲು ಕೆಂಪಾಯಿತು, ಆಮೇಲೆ ನೀಲಿಯಾಯಿತು, ಕಡೆಗೆ ಗುಳುಕ್ ಎಂದು ಒಂದು ಸದ್ದಾಯಿತು. ತಮ್ಮ ಊರಿಗಿಂತ ಎರಡು ಸ್ಟಾಪು ಮೊದಲೇ ಇಳಿದು ಹೋದರು. ಅತ್ತೆ ಕಿಟಕಿಯೊಳಗೇ ಕೈ ಇಟ್ಟುಕೊಂಡು ಅವರಿಗೆ ಟಾಟಾ ಮಾಡಿದಳು. ಕಾನೂನು ಎಂದರೆ ಕಾನೂನು!

ಮೊಬೈಲಿನಲ್ಲಿ ಜೋರಾಗಿ ಹಾಡು ಹಚ್ಚಿದ ಕಾಲೇಜು ಹುಡುಗನಿಗೆ ಅವಳು ಒಂದು ಮಾತೂ ಬೈಯಲಿಲ್ಲ. ಅವನ ಪಕ್ಕ ಕೂತು ಬೀರೋಬಾ ಹುಟ್ಟಿದ ಕಥೆಯ ಡೊಳ್ಳಿನ ಪದ ಎತ್ತಿದಳು. ಬಯಲಿನಲ್ಲಿ ಕುರಿ ಕರೆದ ಗಂಟಲು ಅದು. ಬಸ್ಸಿನ ಗಾಜುಗಳು ನಡುಗಿದವು. ಹುಡುಗ ಹೆದರಿ ಹಾಡು ನಿಲ್ಲಿಸಿದ. "ಯಾಕೋ, ನಿಂದು ಮುಗೀತಾ? ನಂದು ಇನ್ನಾ ದೇವ್ರು ಹುಟ್ಟೇ ಇಲ್ಲ" ಎಂದಳು.

ಇದೆಲ್ಲ ನಿಮಗೆ ನಗುವಾಗಿರಬಹುದು. ನನಗೆ? ಎಂಟನೆಯದರಲ್ಲಿ ನಾನೂ ನಕ್ಕೆ. ಒಂಬತ್ತಕ್ಕೆ ಬಂದಾಗ ನಗು ಬತ್ತಿತು. ನನ್ನನ್ನು ಶಾಲೆಯ ಬಾಗಿಲಿಗೆ ಮುಟ್ಟಿಸಿ ಅತ್ತೆ ವಾಪಸು ಹೋಗುತ್ತಾಳೆ ಎಂದುಕೊಂಡಿರಾ? ಇಲ್ಲ. ನಮ್ಮೂರಿಗೆ ಮರಳುವ ಬಸ್ಸು ಸಂಜೆಗೇ. ಅಲ್ಲಿಯವರೆಗೆ ಶಾಲೆಯ ಬೇವಿನ ಗಿಡದ ಬುಡದಲ್ಲಿ ಕೌದಿ ಹೊಲಿಯುತ್ತ ಕೂರುತ್ತಿದ್ದಳು. ಮಧ್ಯಾಹ್ನ ನಾನು ಹೊರಗೆ ಬಂದರೆ ಎಲ್ಲರೆದುರು ಬುತ್ತಿ ಬಿಚ್ಚಿ, "ಬಾ, ನನ್ನ ಮರಿ" ಎಂದು ಕರೆಯುತ್ತಿದ್ದಳು. ಕ್ಲಾಸಿನ ಹುಡುಗಿಯರಿಗೆ ಬಸ್ಸಿನ ಎಣಿಕೆಯ ಸುದ್ದಿ ಮುಟ್ಟಿತು. ನನಗೊಂದು ಹೆಸರಿಟ್ಟರು: ಮೇಂಢಿ. ಮರಾಠಿಯಲ್ಲಿ ಹೆಣ್ಣು ಕುರಿ. ನಾನು ಒಳಗೆ ಬಂದರೆ ಹಿಂದಿನ ಬೆಂಚಿನಿಂದ "ಬ್ಯಾ" ಎಂಬ ಸದ್ದು. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಸಂಕಟ ಭೂಮಿಯ ಮೇಲೆ ಇನ್ನೊಂದಿಲ್ಲ ಎನಿಸುತ್ತಿತ್ತು. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ನಿಜವಾದ ಸಿಟ್ಟು. ಅವಳ ಬಲದಿಂದಲೇ ನಾನು ಶಾಲೆಯಲ್ಲಿದ್ದೇನೆ ಎಂಬುದು ಮರೆತೇಹೋಯಿತು.

ಒಂದು ದಿನ ನಿರ್ಧಾರ ಮಾಡಿದೆ. ಅಕ್ಕಲಕೋಟದ ಸ್ಟ್ಯಾಂಡಿಗೆ ಮೊದಲು ಒಂದು ತಿರುವಿನಲ್ಲಿ ಬಸ್ಸು ನಿಧಾನವಾಗುತ್ತದೆ. ದೊಡ್ಡ ಹುಡುಗರು ಅಲ್ಲಿ ಕದ್ದು ಹಾರುತ್ತಿದ್ದರು. ಅಲ್ಲಿಂದ ಶಾಲೆ ಹತ್ತಿರ. ಅತ್ತೆ ಮುಂದೆ ಯಾರದೋ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದಳು. ನಾನು ಮೆಲ್ಲಗೆ ಬಾಗಿಲಿಗೆ ಬಂದೆ. ಇಂದು ಅವಳಿಲ್ಲದೆ, ಒಬ್ಬಳೇ, ಮನುಷ್ಯರ ಹಾಗೆ ಶಾಲೆಗೆ ನಡೆದು ಹೋಗುತ್ತೇನೆ ಎಂದುಕೊಂಡು ಹಾರಿದೆ.

ಹುಡುಗರು ಬಸ್ಸು ಹೋಗುವ ದಿಕ್ಕಿಗೆ ಹಾರಿ ನಾಲ್ಕು ಹೆಜ್ಜೆ ಓಡುತ್ತಿದ್ದರು. ನಾನು ಹಾರಿದ್ದು ಹಿಂದಕ್ಕೆ. ಡಾಂಬರಿನ ಮೇಲೆ ಬಿದ್ದ ಸದ್ದು ನನಗೇ ಕೇಳಿಸಿತು. ಎಡಗೈ ನನ್ನದಲ್ಲವೆಂಬಂತೆ ಅಡ್ಡ ಬಿದ್ದಿತ್ತು.

ಅತ್ತೆಯ ಕೂಗಿಗೆ ಕಂಡಕ್ಟರು ಘಂಟೆ ಎಳೆದ. ಬಸ್ಸು ನಿಂತಿತು. ನೀವು ನಂಬುತ್ತೀರೋ ಇಲ್ಲವೋ, ಆ ಗಾಬರಿಯಲ್ಲೂ ಅವಳು ಗಾಲಿ ನಿಂತ ಮೇಲೆಯೇ ಇಳಿದಳು! ಇಳಿದ ಮೇಲೆ ಮಾತ್ರ ಚಪ್ಪಲಿ ಎಲ್ಲೋ, ಸೆರಗು ಎಲ್ಲೋ. ಓಡಿ ಬಂದು ನನ್ನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬೈಯಲಿಲ್ಲ. ದವಾಖಾನೆಯಲ್ಲಿ ಬೈಯಲಿಲ್ಲ. ಪ್ಲಾಸ್ಟರು ಹಾಕಿಸಿಕೊಂಡು ಸಂಜೆಯ ಬಸ್ಸಿನಲ್ಲಿ ಬರುವಾಗಲೂ ಒಂದು ಮಾತಿಲ್ಲ. ಅತ್ತೆ ಸುಮ್ಮನೆ ಕೂತಿದ್ದನ್ನು ಆ ಬಸ್ಸು ಮೊದಲ ಸಲ ಕಂಡಿತು.

ಮನೆಯಲ್ಲಿ ಅಪ್ಪ ನನ್ನ ಕೈ ನೋಡಿದ. ಅಕ್ಕನನ್ನು ನೋಡಿದ.

"ಸಾಕ ಅಕ್ಕಾ. ಇವತ್ತ ಕೈ ಮುರದದ, ನಾಳೆ ತಲಿ ಒಡೀತದ. ನೀ ಕೂಡ ಇದ್ದೂ ಹಿಂಗಾತಂದ್ರ, ಇನ್ನ ಸಾಲೀನೂ ಬ್ಯಾಡ, ಬಸ್ಸೂ ಬ್ಯಾಡ. ಬಿಡಿಸಿಬಿಡ್ತೀನಿ."

 ತಪ್ಪು ನನ್ನದು ಎಂದು ಹೇಳಲು ಬಾಯಿ ಬರಲಿಲ್ಲ. ಈಗ ಅತ್ತೆ ಹೇಳುತ್ತಾಳೆ, ಎಷ್ಟು ಸಲ ಬಡಕೊಂಡೆ ಕೇಳಲಿಲ್ಲ ಎನ್ನುತ್ತಾಳೆ, ಅಲ್ಲಿಗೆ ನನ್ನ ಓದು ಮುಗಿಯಿತು ಎಂದುಕೊಂಡೆ.

"ತಪ್ಪ ನಂದು ತಮ್ಮಾ" ಎಂದಳು ಅತ್ತೆ. "ಮರೀನ ಭಾಳ ಜಗ್ಗಿ ಹಿಡದ್ರ ಹಗ್ಗಾ ಹರಕೋತದ. ನಾ ಭಾಳ ಜಗ್ಗಿದೆ."

ಅಪ್ಪ ಏನೋ ಹೇಳಲು ಹೋದ. ಅವಳು ಬಿಡಲಿಲ್ಲ.

"ನಿನಗ ಗೊತ್ತಿಲ್ಲ, ನೀ ಆಗ ತೊಟ್ಟಲದಾಗಿದ್ದಿ. ನಮ್ಮೂರ ಸಾಲಿ ಆಗ ನಾಕನೇದ್ದಕ್ಕ ಮುಗೀತಿತ್ತು. ನಾ ಪಾಸ ಆದೆ. ಮುಂದಿನ ಸಾಲಿಗೆ ಇದಽ ಬಸ್ಸಿಗೆ ಹೋಗ್ಬೇಕು. ಅಪ್ಪಗ ಕುರಿ, ಅವ್ವಗ ತೊಟ್ಟಲ. ನನ್ನ ಕೂಡ ಬರಾಕ ಯಾರಿಗೂ ಆಗಲಿಲ್ಲ. ಅವ್ರ ತಪ್ಪಲ್ಲ ಬಿಡು. ಆ ವರ್ಷ ದಿನಾ ಮುಂಜಾನೆ ಕುರಿ ಹೊಡಕೊಂಡು ರೋಡಿಗೇ ಹೋಗ್ತಿದ್ದೆ, ಬಸ್ ನೋಡಾಕ. ಒಳಗ ಸೀಟ ಖಾಲಿ ಇರ್ತಿದ್ದು ತಮ್ಮಾ. ಕಿಡಕ್ಯಾಗ ಕಾಣ್ತಿದ್ದು."

 ಅವಳು ಎದ್ದಳು. "ಸೋಮಾರ ಬರ್ತೀನಿ. ತಯಾರ ಮಾಡಿ ಇಡ್ರಿ ಇಕಿನ್ನ" ಎಂದು ನಾಲ್ಕು ಮನೆ ಆಚೆ ನಡೆದುಹೋದಳು.

ಸೋಮವಾರ ಅಪ್ಪನೇ ರೋಡಿನವರೆಗೆ ಬಂದ. ಪ್ಲಾಸ್ಟರಿಗೆ ಏಟು ತಾಗದಂತೆ ಹಿಡಿದು ನನ್ನನ್ನು ಹತ್ತಿಸಿದ. ಅಕ್ಕನ ಮುಖ ನೋಡಲಾಗದೆ ಬಸ್ಸಿನ ಗಾಲಿ ನೋಡುತ್ತ ನಿಂತ. ಹುಡುಗರು ಯಾರೂ ಹೇಳದೆ ಸಾಲಿನಲ್ಲಿ ಹತ್ತಿದರು. ಅತ್ತೆ ನನ್ನನ್ನು ಕಿಟಕಿಯ ಬಳಿ ಕೂರಿಸಿ, ಕುಲುಕಾಟಕ್ಕೆ ನೋಯದಿರಲೆಂದು ಸೆರಗನ್ನು ಮಡಚಿ ನನ್ನ ಕೈಯ ಕೆಳಗಿಟ್ಟಳು. ಊರು ದಾಟಿದ ಮೇಲೆ ನಾನು ಮೆಲ್ಲಗೆ ಕೇಳಿದೆ.

"ಅತ್ತಿ, ನೀ ಎಷ್ಟನೇದ್ದರ ತನಾ ಕಲೀಬೇಕಂತಿದ್ದಿ?"

ಅವಳು ನಾಚಿದಳೋ ಏನೋ.

"ಭಾಳೇನಿಲ್ಲವಾ. ಐದನೇದ್ದು ಹ್ಯಾಂಗಿರ್ತದ ನೋಡಬೇಕಂತಿತ್ತು. ಅಷ್ಟ."

ನಾನಾಗ ಒಂಬತ್ತನೆಯದರಲ್ಲಿದ್ದೆ. ಅವಳ ಹೆಗಲಿಗೆ ತಲೆಯಿಟ್ಟು, ತುಂಬಿದ ಬಸ್ಸಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆಯೇ, ಅಕ್ಕಲಕೋಟ ಬರುವವರೆಗೂ ಬಿಕ್ಕಿ ಬಿಕ್ಕಿ ಅತ್ತೆ.